ಗೈಡಿಲ್ಲದ ಸೇಲಂ

ಗೈಡಿನ ಹಂಗಿಲ್ಲದೆ, ಮೊಬೈಲಿನ ನಕ್ಷೆಯೊಂದನ್ನೇ ನಂಬಿ ಊರು ಸುತ್ತುವುದು ಈಗ ಎಲ್ಲ ಕಡೆ ರೂಢಿಯಾಗಿದೆ. ಅಮೆರಿಕದ ಬಾಸ್ಟನ್ ನಗರ 1950ರ ದಶಕದಲ್ಲೇ ಇದಕ್ಕೊಂದು ಮಾದರಿ ಹಾಕಿಕೊಟ್ಟಿತು: ನೆಲದ ಮೇಲೆ ಸುಮಾರು 4 ಕಿ.ಮೀ. ಉದ್ದದ ಕೆಂಪು ಗೆರೆ, ಅದರ ದಾರಿಯಲ್ಲಿ 16 ಐತಿಹಾಸಿಕ ತಾಣಗಳು. ಗೆರೆ ಹಿಡಿದು ಹೊರಟರೆ ಸಾಕು. ಅಂಥ ಗೆರೆಯಿಲ್ಲದ, ಫಲಕಗಳೂ ಅಪರೂಪವಾದ, ತಮಿಳುನಾಡಿನ ಸೇಲಂನಲ್ಲಿ ಈ ಪದ್ಧತಿ ಎಷ್ಟರಮಟ್ಟಿಗೆ ನಡೆದೀತು? ಕಾಲಿಗೆ ಪೂರ್ತಿ ಸ್ವಾತಂತ್ರ್ಯ ಸಿಗುತ್ತದೆ, ಊರು ಮಾತ್ರ ಅರ್ಧ ಸಿಗುತ್ತದೆ ಎಂಬುದು ನನ್ನ ತೀರ್ಮಾನ.

ತೊಡಕು ಶುರುವಾಗುವುದು ಪಟ್ಟಿಯಿಂದಲೇ. ಸೇಲಂ ಎಂದೊಡನೆ ಯೇರ್ಕಾಡ್ ಬೆಟ್ಟ, ಮೆಟ್ಟೂರು ಅಣೆಕಟ್ಟು ಎನ್ನುತ್ತಾರೆ, ಎರಡೂ ಊರಾಚೆಯವು. ಊರೊಳಗೆ ಸುಗವನೇಶ್ವರರ್ ದೇವಸ್ಥಾನ, ಕೋಟೆ ಮಾರಿಯಮ್ಮನ ಗುಡಿ, ಮಾಡರ್ನ್ ಥಿಯೇಟರ್ಸ್ ಸಿನಿಮಾ ಸ್ಟುಡಿಯೋದ ಕಮಾನು. ಕೋಟೆ ಉಳಿದಿರುವುದು ಹೆಚ್ಚಾಗಿ ಹೆಸರಿನಲ್ಲೇ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಸೀಮೆ ಇದು, ಮೈಸೂರಿನ ಆಳ್ವಿಕೆ ಇಲ್ಲಿ ಮುಗಿದದ್ದು ಆಗಲೇ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಯೇರ್ಕಾಡ್ ರಸ್ತೆಯ ಕಮಾನಿನದೂ ಇದೇ ಪಾಡು. ಟಿ. ಆರ್. ಸುಂದರಂ 1935ರಲ್ಲಿ ಕಟ್ಟಿದ ಈ ಸ್ಟುಡಿಯೋ 1938ರಲ್ಲಿ ಮಲಯಾಳಂನ ಮೊದಲ ವಾಕ್ಚಿತ್ರ ‘ಬಾಲನ್’ ಅನ್ನು ಕೊಟ್ಟಿತು, 1956ರಲ್ಲಿ ಅಲಿಬಾಬಾನ ಕಥೆಯನ್ನು ತಮಿಳಿನಲ್ಲಿ ಬಣ್ಣದಲ್ಲಿ ತೆರೆಗೆ ತಂದಿತು. ಸ್ಟುಡಿಯೋದ ಜಾಗದಲ್ಲಿ ಈಗ ಮನೆಗಳೆದ್ದಿವೆ. ಬಂದವರು ಕಮಾನಿನ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಮೂರ್ನಾಲ್ಕು ಭಾಷೆಗಳ ಸಿನಿಮಾ ಒಂದು ಜಿಲ್ಲಾ ಕೇಂದ್ರದಲ್ಲಿ ಹೇಗೆ ತಯಾರಾಯಿತು ಎಂಬ ಪ್ರಶ್ನೆಗೆ ಅಲ್ಲಿ ಆಸ್ಪದವೇ ಇಲ್ಲ.

ಪದ್ಧತಿಯ ಗುಣ ಕಾಣಬೇಕಾದರೆ ಶೆವ್ವಾಯ್‌ಪೇಟೆಗೆ ಹೋಗಬೇಕು. ಸೇಲಂನ ಬೆಳ್ಳಿ ಕಾಲ್ಗೆಜ್ಜೆಗೆ ಇಲ್ಲಿಂದ ದೂರದೂರದವರೆಗೂ ಗಿರಾಕಿಗಳಿದ್ದಾರೆ. ಒಂದು ಜೊತೆ ಗೆಜ್ಜೆ ಒಂದೇ ಸೂರಿನಡಿ ಮುಗಿಯುವುದು ಕಡಿಮೆ: ಒಬ್ಬರು ತಂತಿ ಎಳೆದರೆ ಇನ್ನೊಬ್ಬರು ಕೊಂಡಿ ಹೆಣೆಯುತ್ತಾರೆ, ಬೆಸುಗೆ ಮತ್ತೊಂದು ಕಡೆ, ಮೆರುಗು ಇನ್ನೊಂದು ಕಡೆ. ಮಾಲು ಕೈಯಿಂದ ಕೈಗೆ ದಾಟುವ ಈ ಓಣಿಗಳಲ್ಲಿ ಗೈಡಿನ ಗಡಿಯಾರವಿಲ್ಲದೆ ಸುತ್ತುವುದೇ ಸರಿ. ಬೇಕಾದಲ್ಲಿ ನಿಲ್ಲಬಹುದು, ದಾರಿ ತಪ್ಪಿದರೂ ನಷ್ಟವಿಲ್ಲ. ಪಕ್ಕದ ಲೀ ಬಜಾರಿನ ಸಗಟು ವ್ಯಾಪಾರದಲ್ಲೂ ಅಷ್ಟೇ. ಮೂಟೆ ಹೊತ್ತವರಿಗೆ ದಾರಿ ಬಿಟ್ಟು ನಿಂತರೆ ನೋಡುವುದಕ್ಕೆ ಬೇಕಾದಷ್ಟಿದೆ.

ಅಮ್ಮಾಪೇಟೆಯಲ್ಲಿ ಲೆಕ್ಕ ಬದಲಾಗುತ್ತದೆ. ನೇಕಾರರಿಗೆ ಹೆಸರಾದ ಬಡಾವಣೆ ಇದು. ಊರಿನ ಬಿಳಿ ರೇಷ್ಮೆ ಪಂಚೆ ಪ್ರಸಿದ್ಧ. ಸೇಲಂನ ನೇಕಾರರಲ್ಲಿ ಸೌರಾಷ್ಟ್ರದವರಿದ್ದಾರೆ, ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ದೇವಾಂಗರ ಕುಲದೇವತೆ ಚೌಡೇಶ್ವರಿಯ ಹೆಸರನ್ನೇ ಕೊಂಡಲಾಂಪಟ್ಟಿಯ ಕಾಲೇಜಿಗೆ ಇಟ್ಟಿದ್ದಾರೆ. ಬೀದಿಯಲ್ಲಿ ತಮಿಳು ಆಡುವವರೇ ಮಗ್ಗದ ಮನೆಯೊಳಗೆ ಕನ್ನಡ ಆಡಬಹುದು. ಯಾವ ಆ್ಯಪ್ ಇದನ್ನು ಗುರುತು ಹಾಕೀತು? ಕೈಮಗ್ಗ ಇರುವುದು ಜನ ವಾಸಿಸುವ ಮನೆಯಲ್ಲಿ. ಪರಿಚಯವಿಲ್ಲದವರು ಕ್ಯಾಮೆರಾ ಹಿಡಿದು ಹೊಸ್ತಿಲು ದಾಟುವಂತಿಲ್ಲ, ದಾಟಬಾರದು. ಹೊರಗೇ ನಿಂತರೆ ಕಾಣುವುದು ಬಾಗಿಲು, ಕೇಳುವುದು ಲಾಳಿಯ ಸದ್ದು. ಊರಿನವರೊಬ್ಬರು ಜೊತೆಗಿದ್ದರೆ ಬಾಗಿಲಲ್ಲಿ ನಿಂತು ಮಾತಾಡಿಸಬಹುದು. ಗೈಡನ್ನು ಬೇಡವೆಂದವರು ಅರಿವಿಲ್ಲದೆ ಆ ಪರಿಚಯವನ್ನೂ ಬೇಡವೆಂದಿರುತ್ತಾರೆ.

ಬೆಂಗಳೂರಿನಿಂದ ಸೇಲಂಗೆ ಬರುವ ದಾರಿಯ ಧರ್ಮಪುರಿಯಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅಲ್ಲಿನ ಕೋಟೆ ಪ್ರದೇಶದ ಮಲ್ಲಿಕಾರ್ಜುನ ದೇವಾಲಯಕ್ಕೆ ನಕ್ಷೆ ಹಿಡಿದು ಬಂದವರು ‘ತೂಗುವ ಕಂಬ’ದ ಬುಡದಲ್ಲಿ ಕಾಗದ ತೂರಿಸಿ ಬೆರಗಾಗಿ ಹೋಗುತ್ತಾರೆ. ಊರಿನ ಹಳೆಯ ಹೆಸರು ತಗಡೂರು. ಇಲ್ಲಿ ನೊಳಂಬರು ಆಳಿದರು. ಮಹೇಂದ್ರ ನೊಳಂಬನ ಕಾಲದ, ಕ್ರಿ.ಶ. 893ರ ಇಲ್ಲಿನ ಕನ್ನಡ ಶಾಸನ ಜೈನ ಬಸದಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಬೆಂಗಳೂರಿನಿಂದ ಹೊರಟ ಕನ್ನಡಿಗ ಓದಬೇಕಾದ್ದು ಇದನ್ನು. ಅವನಿಗೆ ತೋರಿಸುವುದು ಕಾಗದ ತೂರುವ ಸಂದಿಯನ್ನು.

ಇಷ್ಟಾದರೂ ಗೈಡಿಲ್ಲದ ನಡಿಗೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಾಯಿಪಾಠದ ಐತಿಹ್ಯ, ಕಮಿಷನ್ನಿನ ಸೀರೆ ಅಂಗಡಿ, ಓಡಿಸುವ ಗುಂಪು ಇವುಗಳಿಂದ ಅದು ಬಿಡುಗಡೆ ಕೊಡುತ್ತದೆ. ದೋಷವಿರುವುದು ಊರನ್ನು ಕಟ್ಟಡಗಳ ಪಟ್ಟಿಯಾಗಿ ಕಾಣುವುದರಲ್ಲಿ. ಸೇಲಂಗೆ ಸಲ್ಲುವುದು ಕಸುಬಿನ ಜಾಡು: ಬಿಸಿಲೇರುವ ಮುನ್ನ ಸಗಟು ಪೇಟೆ, ಆಮೇಲೆ ಬೆಳ್ಳಿ, ಕೊನೆಗೆ ಪರಿಚಯದವರೊಬ್ಬರ ಜೊತೆ ಮಗ್ಗ. ಹೊರಡುವ ಮುಂಚೆ ತಾಲ್ಲೂಕಿನ ಇತಿಹಾಸದ ನಾಲ್ಕು ಪುಟ ಓದಿಕೊಂಡಿರಬೇಕು. ಅಷ್ಟು ಶ್ರಮಕ್ಕೂ ಒಲ್ಲದವರಿಗೆ ಗೈಡೇ ವಾಸಿ. ಅವನು ತಪ್ಪು ಹೇಳಿದರೆ ತಿರುಗಿ ಪ್ರಶ್ನೆಯನ್ನಾದರೂ ಕೇಳಬಹುದು.