ಮಧ್ಯಸ್ಥರ ಮಾತಿನ ಹದ

ಇಂಡೊನೇಷ್ಯಾದ ಧಾರ್ಮಿಕ ನ್ಯಾಯಾಲಯಗಳಿಗೆ ಮುಸ್ಲಿಮರ ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆ, ವಕ್ಫ್ ವ್ಯಾಜ್ಯಗಳು ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಹಾಜರಾದರೆ ಮೊದಲು ಸಂಧಾನ ನಡೆಯಬೇಕು. ಅಲ್ಲಿನ ಸುಪ್ರೀಂ ಕೋರ್ಟಿನ 2016ರ ನಿಯಮ ಅದಕ್ಕೆ 30 ದಿನ ಕೊಡುತ್ತದೆ. ಮಧ್ಯಸ್ಥರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಅವರ ಕೈಲಿರುವುದು ಮಾತೊಂದೇ.

ಆ ಮಾತಿನ ಕಸುಬು ನನಗೆ ಅಚ್ಚುಮೆಚ್ಚು. “ಇವನು ಮನೆಗೆ ಒಂದು ಕಾಸೂ ಕೊಡುವುದಿಲ್ಲ” ಎಂದು ಹೆಂಡತಿ ಸಿಡಿದರೆ, ನುರಿತ ಮಧ್ಯಸ್ಥರು ಆರೋಪದ ಮುಳ್ಳು ತೆಗೆದು, “ಮಕ್ಕಳ ಖರ್ಚಿಗೆ ತಿಂಗಳು ತಿಂಗಳೂ ತಪ್ಪದೆ ಹಣ ಬರಬೇಕು, ಅದಲ್ಲವೇ ನಿಮ್ಮ ಚಿಂತೆ?” ಎಂದು ಕೇಳುತ್ತಾರೆ. ಬೈಗುಳ ಉತ್ತರಿಸಬಹುದಾದ ಬೇಡಿಕೆಯಾಗುತ್ತದೆ. ಎದುರಿಗೆ ಹೇಳಲಾಗದ್ದನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾರೆ, ಗುಟ್ಟು ಬಿಟ್ಟುಕೊಡುವುದಿಲ್ಲ. ಜಾವಾದಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಜಾವಾನೀಸ್ ಭಾಷೆಯಲ್ಲಿ ಸಲುಗೆಯ ‘ಙೊಕೊ’, ಗೌರವದ ‘ಕ್ರೊಮೊ’ ಎಂಬ ಸ್ತರಗಳಿವೆ. ಒಬ್ಬರೊಡನೆ ಸಲುಗೆ, ಇನ್ನೊಬ್ಬರೊಡನೆ ಗೌರವ ತೋರಿದರೆ ಪಕ್ಷಪಾತದ ಸಂಶಯ ಹುಟ್ಟೀತು.

ಮದುವೆ ಉಳಿಯದಿದ್ದರೂ ಮಕ್ಕಳ ಪಾಲನೆ, ಜೀವನಾಂಶದ ಬಗ್ಗೆ ಒಮ್ಮತ ಮೂಡಿದರೆ ಅದೂ ಗೆಲುವೇ; ಭಾಗಶಃ ಒಪ್ಪಂದವನ್ನು ನಿಯಮವೂ ಮನ್ನಿಸುತ್ತದೆ. ಕಾನೂನು ಓದಿದವರು ಸಿಗುತ್ತಾರೆ. ನೊಂದವರ ಮಾತನ್ನು ಹೀಗೆ ಹದಗೊಳಿಸಿ ದಾಟಿಸಬಲ್ಲವರು ಅಪರೂಪ, ಅವರಿಗೆ ನನ್ನ ನಮಸ್ಕಾರ.