ಸ್ಕ್ರೂಗೆ ಮೊದಲು ಕಿವಿ

ಆಕ್ಸಿಲರೇಟರ್ ಬಿಟ್ಟರೂ ಹಳೆಯ ಯೆಜ್ಡಿ ಬೈಕ್ ರೇಸ್ ಇಳಿಸದಿದ್ದರೆ ಅವಸರದವರು ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾರೆ. ಬೆಂಗಳೂರಿನ ಬನಶಂಕರಿ, ಜಯನಗರದ ಅಡ್ಡರಸ್ತೆಗಳಲ್ಲಿ ಪಳಗಿದ ಮೆಕ್ಯಾನಿಕ್‌ಗಳು ಅದನ್ನು ಮುಟ್ಟುವುದು ಕೊನೆಗೆ. ಆ ಸಂಯಮವೇ ನನಗೆ ಮೆಚ್ಚು.

ಮೊದಲು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸುತ್ತಾರೆ; ಸದ್ದು ಏರಿದರೆ ಕೇಬಲ್ ಎಲ್ಲೋ ಬಿಗಿದಿದೆ. ಆಮೇಲೆ ಚೋಕ್ ಸಿಕ್ಕಿಕೊಂಡಿದೆಯೇ, ಕಾರ್ಬೊರೇಟರಿನ ಸ್ಲೈಡ್ ತಳಕ್ಕಿಳಿಯುತ್ತಿದೆಯೇ ಎಂಬ ಪರೀಕ್ಷೆ. ಎಲ್ಲ ಸರಿಯಿದ್ದರೆ ಅನುಮಾನ ಗಾಳಿಯ ಮೇಲೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್ ಸೀಳಿದರೆ ಹೊರಗಾಳಿ ನುಗ್ಗಿ, ಪೆಟ್ರೋಲಿನ ಪಾಲು ತಗ್ಗಿ, ರೇಸ್ ಏರುತ್ತದೆ. ಎಂಜಿನ್ ಬಿಸಿಯೇರುವ ಮೊದಲೇ ಅಲ್ಲಿಗೆ ಚೂರು ಕಾರ್ಬೊರೇಟರ್ ಕ್ಲೀನರ್ ಹೊಡೆದು ನೋಡುತ್ತಾರೆ. ಸದ್ದು ಬದಲಾದರೆ ಕಳ್ಳ ಸಿಕ್ಕಿದ.

ಯೆಜ್ಡಿಯಂಥ ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಸೀಲಿನದೂ ಇದೇ ಕಿತಾಪತಿ. ಕ್ಲಚ್ ಬದಿಯ ಸೀಲ್ ಸವೆದರೆ ಗೇರ್ ಆಯಿಲ್ ಎಳೆದು ದಟ್ಟ ಬಿಳಿ ಹೊಗೆ. ಇನ್ನೊಂದು ಬದಿಯದಾದರೆ ಬರೀ ಗಾಳಿ, ಹೊಗೆಯಿಲ್ಲದ ರೇಸ್. ಸೈಲೆನ್ಸರ್ ನೋಡಿಯೇ ಯಾವ ಬದಿ ಬಿಚ್ಚಬೇಕೆಂದು ಹೇಳುವುದಿದೆಯಲ್ಲ, ಅದು ವಿದ್ಯೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಹಳೆಯ ಗಾಡಿಗಳು ಬೆಂಗಳೂರಿನ ರಸ್ತೆಯಲ್ಲಿ ಇನ್ನೂ ಓಡುತ್ತಿದ್ದರೆ, ಅದರಲ್ಲಿ ಈ ಕಿವಿಗಳ ಪಾಲು ದೊಡ್ಡದು.