ಮಾಮಲೇದಾರರ ಸಹಿ

ಅಮೆರಿಕದಲ್ಲಿ ಹಿಂದೆ ಅಧ್ಯಕ್ಷರು, ಸಂಸದರು ಪಾಕೀಟಿನ ಮೇಲೆ ಸಹಿ ಹಾಕಿದರೆ ಸಾಕು, ಟಪಾಲು ಪುಕ್ಕಟೆ ಹೋಗುತ್ತಿತ್ತು. ವಾಷಿಂಗ್ಟನ್ ತೀರಿಕೊಂಡ ಮೇಲೆ 1800ರಲ್ಲಿ ಅವರ ಹೆಂಡತಿ ಮಾರ್ಥಾಗೂ ಈ ಸವಲತ್ತು ಸಿಕ್ಕಿತು. ಅಂಥ ಪಾಕೀಟುಗಳಿಗೆ ಹರಾಜಿನಲ್ಲಿ ಬೆಲೆ ಬರುವುದು ಹೆಸರಿನಿಂದ. ಹಳೆಯ ಪಾಕೀಟು ಕೂಡಿಸುವ ನನ್ನ ರುಚಿ ಬೇರೆ: ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನದೋ ಸಿಂದಗಿಯದೋ ಮಾಮಲೇದಾರರ (ತಹಶೀಲ್ದಾರರ) ಸಹಿ, ಓದಲು ಬಾರದಿದ್ದರೂ ಆದೀತು.

ನಮ್ಮಲ್ಲಿ ಅಧಿಕಾರಿಗಳ ಪುಕ್ಕಟೆ ಟಪಾಲಿಗೆ 1854ರ ಕಾಯಿದೆ ಲಗಾಮು ಹಾಕಿತು. 1866ರಲ್ಲಿ ‘ಸರ್ವಿಸ್’ ಎಂದು ಅಚ್ಚೊತ್ತಿದ ಅಂಚೆಚೀಟಿ ಬಂತು; ಮುಂದೆ ‘ಆನ್ ಎಚ್.ಎಂ.ಎಸ್.’ (ಆನ್ ಹರ್ ಮೆಜೆಸ್ಟೀಸ್ ಸರ್ವಿಸ್) ಬಂತು. ಚೀಟಿ ಅಂಟಿಸಿದರಷ್ಟೇ ಸಾಲುತ್ತಿರಲಿಲ್ಲ, ಕಳಿಸುವವರು ಪಾಕೀಟಿನ ಎಡಗಡೆ ಕೆಳಗೆ ಸಹಿ ಮಾಡಿ ಹುದ್ದೆ ಬರೆಯಬೇಕಿತ್ತು. ಸರ್ಕಾರಿ ಚೀಟಿ ಮನೆಯ ಪತ್ರಕ್ಕೆ ಹತ್ತದಿರಲಿ ಎಂಬ ಕಾವಲು ಅದು. ಹೀಗೆ ಸಹಿ, ಚೀಟಿ, ಊರಿನ ಅಂಚೆ ಠಸೆ ಮೂರೂ ಒಂದೇ ಕಾಗದದಲ್ಲಿ ಕೂಡುತ್ತವೆ. ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತು ಆಲ್ಬಮ್ಮಿಗೆ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಳಿದ ಪಾಕೀಟನ್ನು ಅವರು ರದ್ದಿಗೆ ಹಾಕುತ್ತಾರಲ್ಲ!

ವಿಳಾಸವನ್ನೂ ಓದಬೇಕು. ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಅದಕ್ಕೂ ಮುಂಚೆ ಮುದ್ದೇಬಿಹಾಳದ ಕಚೇರಿಯಿಂದ ಕಲಾದಗಿಯ ಕಲೆಕ್ಟರರಿಗೆ ಹೋದ ಸರ್ವಿಸ್ ಪಾಕೀಟು ಸಿಕ್ಕರೆ ಚೌಕಾಸಿ ಮಾಡಬೇಡಿ. ಪತ್ರ ಹೋದ ದಾರಿಯನ್ನೂ ನೋಡಬೇಕು: ಹೋಟಗಿ–ಗದಗ ರೈಲು 1884ರಲ್ಲಿ ಬಂದು ಇಂಡಿ ತಾಲ್ಲೂಕಿಗೆ ನಿಲ್ದಾಣ ಸಿಕ್ಕಿತು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಮುಟ್ಟಲಿಲ್ಲ. ಪಾಕೀಟಿನ ಬೆನ್ನ ಮೇಲೆ ತಲುಪಿದ ಊರಿನ ಠಸೆ ಇದ್ದರೆ, ಹೊರಟ ತಾರೀಖಿನ ಜೊತೆ ಇಟ್ಟು ದಾರಿಯ ದಿನಗಳನ್ನು ಎಣಿಸಬಹುದು.

ಗಡಿಯ ಗಮ್ಮತ್ತು ಇನ್ನೂ ಬೇರೆ. ಸಿಂದಗಿಯ ಆಚೆ ಜೇವರ್ಗಿ, ಮುದ್ದೇಬಿಹಾಳದ ಆಚೆ ಸುರಪುರ, ಎರಡೂ ಆಗ ಹೈದರಾಬಾದಿನ ನಿಜಾಮರ ಸೀಮೆ. ಅವರ ಅಂಚೆ 1950ರವರೆಗೂ ಬೇರೆಯೇ ಇತ್ತು. ಅವರ ಚೀಟಿ ಅವರ ರಾಜ್ಯದೊಳಗಷ್ಟೇ ನಡೆಯುತ್ತಿತ್ತು. ಸುರಪುರದಿಂದ ಇತ್ತ ಬರುವ ಪತ್ರಕ್ಕೆ ಬ್ರಿಟಿಷ್ ಭಾರತದ ಚೀಟಿ ಬೇಕಿತ್ತು. ಎರಡೂ ಚೀಟಿ ಹೊತ್ತು ಬಂದ ಪಾಕೀಟು ಕಂಡಲ್ಲಿ ನಾನು ಮೊದಲು ಚೀಲಕ್ಕೆ ಕೈ ಹಾಕುತ್ತೇನೆ, ಬೆಲೆ ಕೇಳುವುದು ಆಮೇಲೆ.

ಒಂದು ಎಚ್ಚರಿಕೆ: ಠಸೆಯಲ್ಲಿ ‘ಬಾಗೇವಾಡಿ’ ಎಂದಷ್ಟೇ ಇದ್ದರೆ ಬಸವಣ್ಣನ ಊರೆಂದು ಹಿಗ್ಗಬೇಡಿ, ಬೆಳಗಾವಿ ಕಡೆ ಹಿರೇಬಾಗೇವಾಡಿಯೂ ಇದೆ. ಸಹಿಯ ಕೆಳಗಿನ ಹುದ್ದೆ ನೋಡಿ, ತಾಲ್ಲೂಕು ಅಲ್ಲೇ ಬರೆದಿರುತ್ತದೆ.